ಆರು ಪಂದ್ಯಗಳ ಲೆಕ್ಕ: ಬಿಲ್ಲಿ ಬೋಸ್ಟನ್ ವೃತ್ತಿಜೀವನದ ಮೊದಲ ಘಟ್ಟ

1954ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪ್ರವಾಸಕ್ಕೆಂದು ಗ್ರೇಟ್ ಬ್ರಿಟನ್ನಿನ ರಗ್ಬಿ ಲೀಗ್ ತಂಡವನ್ನು ಆರಿಸಿದಾಗ ಆ ಪಟ್ಟಿಯಲ್ಲಿ 19 ವರ್ಷದ ಒಬ್ಬ ವಿಂಗರ್‌ನ ಹೆಸರಿತ್ತು. ಆತ ವಿಲಿಯಂ ಜಾನ್ ಬೋಸ್ಟನ್. ವೇಲ್ಸ್‌ನ ಕಾರ್ಡಿಫ್ ಊರಿನವರು, ಲ್ಯಾಂಕಶರ್‌ನ ವಿಗನ್ ಕ್ಲಬ್ಬಿನ ಆಟಗಾರ. ಆಯ್ಕೆಯಾಗುವ ಹೊತ್ತಿಗೆ ವಿಗನ್ನಿನ ಮೊದಲ ತಂಡಕ್ಕೆ ಅವರು ಆಡಿದ್ದು ಆರೇ ಪಂದ್ಯ. ಬೋಸ್ಟನ್ ಕುರಿತ ಬಹುಪಾಲು ಬರಹಗಳು ಈ ಒಂದು ಅಂಕಿಯಿಂದ ಹೊರಡುತ್ತವೆ. ಆರು ಪಂದ್ಯ ಆಡಿದವನು ರಾಷ್ಟ್ರೀಯ ತಂಡಕ್ಕೆ ಹೋದ. ಹೋದವನು ದಾಖಲೆ ಮುರಿದು ಬಂದ. ಹೀಗೆ ಹೇಳಿದಾಗ ಅದು ಪವಾಡದ ಕಥೆಯಾಗುತ್ತದೆ.

ಅಂಕಿ ಸರಿಯಾಗಿದೆ, ಅದನ್ನು ಓದುವ ಕ್ರಮದಲ್ಲಿ ತೊಡಕಿದೆ ಎಂಬುದು ಈ ಟಿಪ್ಪಣಿಯ ವಾದ. ಆರು ಎಂಬುದು ಲೀಗ್ ಪಂದ್ಯಗಳ ಲೆಕ್ಕ. ಅದರ ಹಿಂದೆ ಕಾರ್ಡಿಫ್ ಬಂದರಿನ ಓಣಿಗಳಲ್ಲಿ, ವೇಲ್ಸ್‌ನ ಹವ್ಯಾಸಿ ಕ್ಲಬ್ಬುಗಳಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಬ್ರಿಟಿಷ್ ಸೇನೆಯ ಮೈದಾನಗಳಲ್ಲಿ ಆಡಿದ ಆಟ ಲೀಗಿನ ಯಾವ ಪಟ್ಟಿಯಲ್ಲೂ ಸೇರಿಲ್ಲ. ಅದನ್ನು ಸೇರಿಸಿ ನೋಡಿದರೆ ಬೋಸ್ಟನ್ ಅವರ ಏಳಿಗೆಗೆ ಕಾರಣಗಳು ಕಾಣುತ್ತವೆ. ಆ ಕಾರಣಗಳಲ್ಲಿ ಪ್ರತಿಭೆಯಷ್ಟೇ ತೂಕ ಸಂಸ್ಥೆಗಳಿಗೂ ಇದೆ.

1. ಎರಡು ರಗ್ಬಿಗಳು

ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. 1895ರ ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ರಗ್ಬಿ ಯೂನಿಯನ್ನಿನಿಂದ ಹೊರಬಂದವು. ಜಗಳ ಹುಟ್ಟಿದ್ದು ಕೂಲಿಯ ವಿಚಾರಕ್ಕೆ. ಗಣಿ ಮತ್ತು ಗಿರಣಿಗಳಲ್ಲಿ ದುಡಿಯುವ ಆಟಗಾರ ಪಂದ್ಯಕ್ಕಾಗಿ ಕೆಲಸ ತಪ್ಪಿಸಿದರೆ ಆ ದಿನದ ಸಂಬಳ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕೆಂದು ಉತ್ತರದವರು ಕೇಳಿದರು, ಯೂನಿಯನ್ ಒಪ್ಪಲಿಲ್ಲ. ಬೇರೆಯಾದ ಬಣ ಕ್ರಮೇಣ ನಿಯಮಗಳನ್ನೂ ಬದಲಿಸಿಕೊಂಡಿತು. 1906ರಿಂದ ತಂಡಕ್ಕೆ 15ರ ಬದಲು 13 ಆಟಗಾರರು. ಮುಂದೆ ಅದಕ್ಕೆ ರಗ್ಬಿ ಲೀಗ್ ಎಂಬ ಹೆಸರು ನಿಂತಿತು.

ಬೋಸ್ಟನ್ ಆಟಕ್ಕಿಳಿದ ಕಾಲದ ಎರಡು ನಿಯಮಗಳನ್ನು ಇಂದಿನ ಓದುಗರು ಗಮನದಲ್ಲಿಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವ ಟ್ರೈಗೆ ಆಗ 3 ಅಂಕ. ಈಗಿನಂತೆ 4 ಅಲ್ಲ. ಚೆಂಡು ಹಿಡಿದ ತಂಡವನ್ನು ಎಷ್ಟು ಸಲ ಕೆಡವಿದರೂ ಚೆಂಡು ಅವರಲ್ಲೇ ಉಳಿಯುತ್ತಿತ್ತು. ಟ್ಯಾಕಲ್‌ಗಳಿಗೆ ಮಿತಿ ಬಂದದ್ದು 1966ರಲ್ಲಿ. ಆದ್ದರಿಂದ ಒಂದು ತಂಡ ಬಹಳ ಹೊತ್ತು ಚೆಂಡನ್ನು ನಡುವಿನಲ್ಲೇ ಇಟ್ಟುಕೊಳ್ಳಬಹುದಿತ್ತು. ಅಂಚಿನಲ್ಲಿ ನಿಂತ ವಿಂಗರ್ ಕೈಗೆ ಚೆಂಡು ಬಂದಾಗ ಅದನ್ನು ಅಂಕವಾಗಿಸಿಕೊಳ್ಳಬಲ್ಲವನಿಗೆ ಬೆಲೆ ಹೆಚ್ಚು.

ಬೆಲೆ ಎಂಬುದು ಇಲ್ಲಿ ಅಕ್ಷರಶಃ ನಿಜ. ಲೀಗ್ ಕ್ಲಬ್ಬುಗಳು ಯೂನಿಯನ್ ಆಟಗಾರರನ್ನು ಹಣ ಕೊಟ್ಟು ಕರೆಸಿಕೊಳ್ಳುತ್ತಿದ್ದವು, ಯೂನಿಯನ್ ಹಾಗೆ ಹೋದವರಿಗೆ ಶಾಶ್ವತವಾಗಿ ಬಾಗಿಲು ಮುಚ್ಚುತ್ತಿತ್ತು. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಮತ್ತು ಬಂದರು ಪಟ್ಟಣಗಳಿಂದ ಉತ್ತರ ಇಂಗ್ಲೆಂಡಿಗೆ ಆಟಗಾರರು ಹರಿದುಹೋಗಿದ್ದು ಈ ದಾರಿಯಲ್ಲಿ. ಲೀಗ್ ಆಗ ಸಣ್ಣ ಆಟವೇನೂ ಆಗಿರಲಿಲ್ಲ. 1954ರ ಮೇ 5ರಂದು ಬ್ರಾಡ್‌ಫರ್ಡ್‌ನ ಆಡ್ಸಲ್ ಮೈದಾನದಲ್ಲಿ ವಾರಿಂಗ್ಟನ್ ಮತ್ತು ಹ್ಯಾಲಿಫ್ಯಾಕ್ಸ್ ನಡುವೆ ನಡೆದ ಚಾಲೆಂಜ್ ಕಪ್ ಮರುಫೈನಲ್‌ಗೆ ಸೇರಿದವರ ಅಧಿಕೃತ ಲೆಕ್ಕವೇ ಒಂದು ಲಕ್ಷ ದಾಟಿತ್ತು.

2. ಬ್ಯೂಟ್‌ಟೌನ್

ಬೋಸ್ಟನ್ ಹುಟ್ಟಿದ್ದು 1934ರ ಆಗಸ್ಟ್ 6ರಂದು, ಕಾರ್ಡಿಫ್‌ನ ಬ್ಯೂಟ್‌ಟೌನ್‌ನಲ್ಲಿ. ಟೈಗರ್ ಬೇ ಎಂದು ಹೆಸರಾದ ಹಡಗುಕಟ್ಟೆಯ ಬಡಾವಣೆ ಅದು. ಕಲ್ಲಿದ್ದಲು ಹಡಗುಗಳಲ್ಲಿ ದುಡಿಯಲು ಪಶ್ಚಿಮ ಆಫ್ರಿಕಾ, ಸೊಮಾಲಿಯಾ, ಯೆಮೆನ್, ಕೆರಿಬಿಯನ್ ದ್ವೀಪಗಳು, ಭಾರತ ಹೀಗೆ ಎಲ್ಲೆಲ್ಲಿಂದಲೋ ಬಂದ ನಾವಿಕರು ಅಲ್ಲಿ ನೆಲೆಸಿ ಸಂಸಾರ ಹೂಡಿದ್ದರು. ಬೋಸ್ಟನ್ ಅವರ ತಂದೆ ಸಿಯೆರಾ ಲಿಯೋನ್‌ನ ನಾವಿಕ. ತಾಯಿ ನೆಲ್ಲಿ ಕಾರ್ಡಿಫ್‌ನವರು, ಐರಿಷ್ ಮೂಲದವರು. ಮನೆಯಲ್ಲಿ ಹನ್ನೊಂದು ಮಕ್ಕಳು.

ಈ ಬಡಾವಣೆಗೂ ಉಳಿದ ಕಾರ್ಡಿಫ್‌ಗೂ ನಡುವೆ ಗೋಡೆ ಇರಲಿಲ್ಲ, ದೂರವಂತೂ ಇತ್ತು. 1919ರ ಜೂನ್‌ನಲ್ಲಿ ಕಪ್ಪು ನಾವಿಕರ ಮೇಲೆ ಊರಿನಲ್ಲಿ ನಡೆದ ದಾಳಿಗಳಲ್ಲಿ ಜೀವಹಾನಿಯಾಗಿತ್ತು. 1925ರ ಸರ್ಕಾರಿ ಆಜ್ಞೆಯೊಂದು ಕಪ್ಪು ಮತ್ತು ಕಂದು ಬಣ್ಣದ ನಾವಿಕರು ತಾವು ಬ್ರಿಟಿಷ್ ಪ್ರಜೆಗಳೆಂದು ದಾಖಲೆ ತೋರಿಸದಿದ್ದರೆ ವಿದೇಶಿಯರೆಂದು ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿತ್ತು. ಬೋಸ್ಟನ್ ತಲೆಮಾರಿನ ತಂದೆಯರು ಬದುಕಿದ್ದು ಈ ಕಟ್ಟಳೆಯೊಳಗೆ.

ಆಟಕ್ಕೆ ಆ ಓಣಿಗಳು ಫಲವತ್ತಾದ ನೆಲ. 1946ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಬ್ರಿಟನ್ ತಂಡದ ನಾಯಕರಾಗಿದ್ದ ಗಸ್ ರಿಸ್ಮನ್ ಬೆಳೆದದ್ದು ಅಲ್ಲೇ. ಅವರ ತಂದೆತಾಯಿ ಲಾತ್ವಿಯಾದಿಂದ ಬಂದವರು. ಬ್ರಿಟಿಷ್ ಹೆವಿವೇಟ್ ಚಾಂಪಿಯನ್ ಆದ ಬಾಕ್ಸರ್ ಜೋ ಅರ್ಸ್‌ಕಿನ್ ಬೋಸ್ಟನ್ ಅವರ ಓರಗೆಯವರು. ಹ್ಯಾಲಿಫ್ಯಾಕ್ಸ್ ಪರ ರಾಶಿ ರಾಶಿ ಟ್ರೈ ಗಳಿಸಿದ ಜಾನಿ ಫ್ರೀಮನ್ ಕೂಡ ಅದೇ ಬಡಾವಣೆಯ ಹುಡುಗ. ಬೋಸ್ಟನ್ ಶಾಲಾ ತಂಡಗಳಲ್ಲಿ ಬೆಳಗಿ, ಬ್ಯೂಟ್‌ಟೌನ್‌ನದೇ ಆದ ಕಾರ್ಡಿಫ್ ಇಂಟರ್‌ನ್ಯಾಷನಲ್ ಅಥ್ಲೆಟಿಕ್ ಕ್ಲಬ್‌ಗೆ ಆಡಿದರು. ನೀತ್ ಕ್ಲಬ್ಬಿನ ಪರವಾಗಿಯೂ ಕೆಲವು ಪಂದ್ಯ ಆಡಿದರು.

ಅವರ ಆಸೆ ಇದ್ದದ್ದು ಕಾರ್ಡಿಫ್ ಕ್ಲಬ್ಬಿಗೆ ಆಡಬೇಕು, ಅಲ್ಲಿಂದ ವೇಲ್ಸ್ ತಂಡ ಸೇರಬೇಕು ಎಂದು. ಇದನ್ನು ಅವರು ಜೀವನವಿಡೀ ಹೇಳಿಕೊಂಡಿದ್ದಾರೆ. ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದ್ದ ಆ ಕ್ಲಬ್ಬಿನಿಂದ ಕರೆ ಬರಲಿಲ್ಲ. ಕಾರಣ ಬಣ್ಣವೇ ಎಂದು ಬೋಸ್ಟನ್ ನಂಬಿದ್ದರು. ಒಬ್ಬ ಆಟಗಾರನನ್ನು ಕರೆಯದಿರುವುದಕ್ಕೆ ಯಾವ ಕ್ಲಬ್ಬೂ ಕಾರಣ ಬರೆದಿಡುವುದಿಲ್ಲ. ಇಂಥಲ್ಲಿ ಒಂದೊಂದೇ ಪ್ರಕರಣ ಹಿಡಿದು ಕೂರುವುದಕ್ಕಿಂತ ಒಟ್ಟು ಸಾಲನ್ನು ನೋಡಬೇಕು. ಬೋಸ್ಟನ್, ಫ್ರೀಮನ್, ಮುಂದೆ ಕಾಲಿನ್ ಡಿಕ್ಸನ್, ಕ್ಲೈವ್ ಸಲಿವನ್: ಒಂದೇ ಊರಿನ ಇಷ್ಟು ಮಂದಿ ಕಪ್ಪು ಆಟಗಾರರು ತಮ್ಮ ಹೆಸರು ಗಳಿಸಿದ್ದು ಉತ್ತರದ ಲೀಗಿನಲ್ಲಿ. ವೇಲ್ಸ್‌ನ ಯೂನಿಯನ್ ತಂಡದಲ್ಲಿ ಕಪ್ಪು ಆಟಗಾರರೊಬ್ಬರಿಗೆ ಸ್ಥಾನ ಸಿಕ್ಕಿದ್ದು 1980ರ ದಶಕದಲ್ಲಿ. ಈ ಸಾಲು ಆಕಸ್ಮಿಕವೆಂದು ವಾದಿಸುವುದು ಕಷ್ಟ.

3. ಸೇನೆಯ ಮೈದಾನ

ಯುದ್ಧಾನಂತರದ ಬ್ರಿಟನ್ನಿನಲ್ಲಿ ಯುವಕರಿಗೆ ಕಡ್ಡಾಯ ಸೈನಿಕ ಸೇವೆ ಇತ್ತು. ಕೊರಿಯಾ ಯುದ್ಧದ ಕಾರಣ 1950ರಲ್ಲಿ ಅದರ ಅವಧಿಯನ್ನು ಎರಡು ವರ್ಷಕ್ಕೆ ಏರಿಸಲಾಗಿತ್ತು. ಬೋಸ್ಟನ್ ಸೇರಿದ್ದು ರಾಯಲ್ ಸಿಗ್ನಲ್ಸ್ ದಳವನ್ನು. ನೆಲೆ ಉತ್ತರ ಯಾರ್ಕ್‌ಶರ್‌ನ ಕ್ಯಾಟರಿಕ್ ಶಿಬಿರ. ಅವರ ವೃತ್ತಿಜೀವನದ ದಿಕ್ಕು ನಿರ್ಧಾರವಾದದ್ದು ಈ ವರ್ಗಾವಣೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಆಟದ ಮಟ್ಟ. ಕಡ್ಡಾಯ ಸೇವೆಯ ದೆಸೆಯಿಂದ ದೇಶದ ಆರೋಗ್ಯವಂತ ಯುವಕರೆಲ್ಲ ಒಂದಲ್ಲ ಒಂದು ಶಿಬಿರದಲ್ಲಿದ್ದರು. ರೆಜಿಮೆಂಟುಗಳ ನಡುವಿನ ಪೈಪೋಟಿಯಲ್ಲಿ ಕ್ರೀಡೆಗೆ ದೊಡ್ಡ ಪಾಲಿತ್ತು. ಒಳ್ಳೆಯ ಆಟಗಾರ ಸಿಕ್ಕರೆ ಬಿಡುತ್ತಿರಲಿಲ್ಲ. ವೇಲ್ಸ್‌ನ ದೊಡ್ಡ ಕ್ಲಬ್ಬು ಕೊಡದ ಸ್ಪರ್ಧೆ ಬೋಸ್ಟನ್ ಅವರಿಗೆ ಸಮವಸ್ತ್ರದಲ್ಲಿ ಸಿಕ್ಕಿತು.

ಎರಡನೆಯದು ಒಂದು ವಿನಾಯಿತಿ. ಸೇನೆಯಲ್ಲಿ ಆಡುತ್ತಿದ್ದದ್ದು ಯೂನಿಯನ್. ಲೀಗ್ ಕ್ಲಬ್ಬಿನೊಡನೆ ಕರಾರು ಮಾಡಿಕೊಂಡವರನ್ನು ನಾಗರಿಕ ಯೂನಿಯನ್ ಕ್ಲಬ್ಬುಗಳು ಹತ್ತಿರ ಸೇರಿಸುತ್ತಿರಲಿಲ್ಲವಾದರೂ, ಸೇವೆಯ ಅವಧಿಯಲ್ಲಿ ಅಂಥವರು ಸೇನಾ ತಂಡಗಳಿಗೆ ಆಡಲು ಅಡ್ಡಿ ಇರಲಿಲ್ಲ. ಹೀಗಾಗಿ ವೃತ್ತಿಪರರೂ ಹವ್ಯಾಸಿಗಳೂ ಒಂದೇ ಮೈದಾನದಲ್ಲಿ ಸೆಣಸಬಹುದಾದ ಜಾಗ ಆ ದೇಶದಲ್ಲಿ ಇದ್ದದ್ದು ಸೇನೆಯೊಳಗೆ.

ಮೂರನೆಯದು ಭೂಗೋಳ. ಕಾರ್ಡಿಫ್‌ನಿಂದ ಲೀಗ್ ನಾಡು ಬಹಳ ದೂರ, ಕ್ಯಾಟರಿಕ್‌ನಿಂದ ಹಾಗಲ್ಲ. ವೇಲ್ಸ್‌ನ ಊರುಗಳಲ್ಲಿ ಲೀಗ್ ಕ್ಲಬ್ಬಿನ ಪ್ರತಿನಿಧಿ ಕದ್ದುಮುಚ್ಚಿ ಓಡಾಡಬೇಕಿತ್ತು. ಸೇನೆಯ ಪಂದ್ಯಕ್ಕಾದರೆ ಯಾರು ಬೇಕಾದರೂ ಹೋಗಿ ನೋಡಬಹುದಿತ್ತು.

ಹೀಗೆ ನೋಡಹೋದವರಿಗೆ ಕಂಡದ್ದೇನು? ಆರ್ಮಿ ಕಪ್ ಫೈನಲ್‌ನಲ್ಲಿ ವೆಲ್ಷ್ ಗಾರ್ಡ್ಸ್ ವಿರುದ್ಧ ಬೋಸ್ಟನ್ ಆರು ಟ್ರೈ ಗಳಿಸಿದರು. ವಿಗನ್ ಪರ ಆಡಿದ ಆರು ಪಂದ್ಯಗಳ ಮಾತು ಎತ್ತಿದಾಗಲೆಲ್ಲ ಸೇನಾ ಫೈನಲ್‌ನ ಈ ಆರು ಟ್ರೈಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು.

4. ಮೂರು ಸಾವಿರ ಪೌಂಡು

1953ರ ಮಾರ್ಚ್ 13ರಂದು ಬೋಸ್ಟನ್ ವಿಗನ್ ಕ್ಲಬ್ಬಿನೊಡನೆ ಕರಾರು ಮಾಡಿಕೊಂಡರು. ಆಗ ಅವರಿಗೆ 18 ವರ್ಷ, ಇನ್ನೂ ಸಿಪಾಯಿ. ಮೊತ್ತ 3,000 ಪೌಂಡು.

ಮಾತುಕತೆ ನಡೆದದ್ದು ಬ್ಯೂಟ್‌ಟೌನ್‌ನ ಮನೆಯಲ್ಲಿ. ಅದರ ವಿವರ ನಮಗೆ ಮುಖ್ಯವಾಗಿ ಬೋಸ್ಟನ್ ಅವರ ಬಾಯಿಂದಲೇ ತಿಳಿದದ್ದು. ಕ್ಲಬ್ಬಿನವರು ಮೊದಲು ಸಾವಿರ ಪೌಂಡಿನ ನೋಟುಗಳನ್ನು ಮೇಜಿನ ಮೇಲೆ ಹರಡಿದರು, ಮಗನಿಗೆ ಊರು ಬಿಡುವ ಮನಸ್ಸಿಲ್ಲದ್ದು ತಾಯಿಗೆ ಗೊತ್ತಿತ್ತು, ಬಂದವರು ಎದ್ದುಹೋಗಲಿ ಎಂದೇ ತಾಯಿ ಮೂರು ಸಾವಿರ ಕೇಳಿದರು, ಅವರು ಒಪ್ಪಿಬಿಟ್ಟರು. ಹಲವು ದಶಕಗಳ ಬಳಿಕವೂ ಹೇಳುತ್ತ ಬಂದ ನೆನಪು ಇದು. ಹೇಳುತ್ತ ಹೇಳುತ್ತ ಇಂಥ ನೆನಪುಗಳು ದುಂಡಗಾಗುತ್ತವೆ. ಮಾತುಗಳ ನಿಖರತೆಗೆ ಇದನ್ನು ಆಧಾರ ಮಾಡಿಕೊಳ್ಳಲಾಗದು. ಆದರೆ ಅದರ ತಿರುಳಿಗೆ ಕೊನೆಯ ಮೊತ್ತವೇ ಸಾಕ್ಷಿ. ಆ ಕಾಲದ ಬ್ರಿಟನ್ನಿನಲ್ಲಿ ದುಡಿಯುವ ಗಂಡಸಿನ ಸರಾಸರಿ ಗಳಿಕೆ ವಾರಕ್ಕೆ 9 ಪೌಂಡಿನ ಆಸುಪಾಸು. ಮೂರು ಸಾವಿರವೆಂದರೆ ಕಾರ್ಮಿಕನೊಬ್ಬನ ಆರು ವರ್ಷದ ದುಡಿಮೆ. ಹನ್ನೊಂದು ಮಕ್ಕಳ ನಾವಿಕನ ಮನೆಯಲ್ಲಿ ಅದನ್ನು ಬೇಡವೆನ್ನುವುದು ಸುಲಭವಲ್ಲ.

ಈ ಮೊತ್ತವನ್ನು ಇನ್ನೊಂದರ ಜೊತೆ ಹೋಲಿಸಬೇಕು. ನಾಲ್ಕು ತಿಂಗಳ ಹಿಂದೆ, 1952ರ ನವೆಂಬರ್‌ನಲ್ಲಿ, ವೇಲ್ಸ್‌ನ ಯೂನಿಯನ್ ತಾರೆ ಲೂಯಿಸ್ ಜೋನ್ಸ್ 6,000 ಪೌಂಡಿಗೆ ಲೀಡ್ಸ್ ಕ್ಲಬ್ ಸೇರಿದ್ದರು. ಅದು ಆಗಿನ ದಾಖಲೆ. ಜೋನ್ಸ್ ಕೂಡ ಎಳೆಯರೇ. ಆದರೆ ಅವರು 18ನೇ ವಯಸ್ಸಿಗೇ ವೇಲ್ಸ್ ತಂಡಕ್ಕೆ ಆಡಿದ್ದರು, ಬ್ರಿಟನ್ ಮತ್ತು ಐರ್ಲೆಂಡಿನ ಯೂನಿಯನ್ ಆಟಗಾರರ ಜಂಟಿ ತಂಡವಾದ ಲಯನ್ಸ್‌ನ 1950ರ ಪ್ರವಾಸದಲ್ಲೂ ಇದ್ದರು. ರಾಷ್ಟ್ರೀಯ ತಂಡಕ್ಕೆ ಆಡಿದವರಿಗೆ ಕೊಡುವ ಟೋಪಿಗೆ ಲೀಗ್ ಮಾರುಕಟ್ಟೆಯಲ್ಲಿ ಬೆಲೆಯಿತ್ತು. ಬೋಸ್ಟನ್ ಬಳಿ ಆ ಟೋಪಿ ಇರಲಿಲ್ಲ. ಹೀಗಿರುವಾಗ ಜೋನ್ಸ್ ಪಡೆದದ್ದರ ಅರ್ಧದಷ್ಟನ್ನು ವಿಗನ್ ಕೊಟ್ಟದ್ದು ದೊಡ್ಡ ಮಾತೇ. ಅದೇ ಹೊತ್ತಿಗೆ ಕಾರ್ಡಿಫ್ ಕ್ಲಬ್ಬಿನ ಮೌನದಿಂದ ಬೋಸ್ಟನ್ ಕಳೆದುಕೊಂಡದ್ದು ಗೌರವವನ್ನಷ್ಟೇ ಅಲ್ಲ ಎಂಬುದೂ ಈ ಹೋಲಿಕೆಯಿಂದ ತಿಳಿಯುತ್ತದೆ.

5. ಸೆಂಟ್ರಲ್ ಪಾರ್ಕ್‌ನಿಂದ ಸಿಡ್ನಿಗೆ

ಕರಾರಿಗೂ ಮೊದಲ ತಂಡದ ಪಂದ್ಯಕ್ಕೂ ಎಂಟು ತಿಂಗಳ ಅಂತರವಿದೆ. ವಿಗನ್ನಿನ ಸೆಂಟ್ರಲ್ ಪಾರ್ಕ್ ಮೈದಾನದಲ್ಲಿ ಅವರನ್ನು ಮೊದಲು ಕಣಕ್ಕಿಳಿಸಿದ್ದು ಎರಡನೇ ದರ್ಜೆಯ ‘ಎ’ ತಂಡದಲ್ಲಿ. ಆ ಪಂದ್ಯಕ್ಕೆ 8 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಹೊಸಬರನ್ನು ಪಳಗಿಸುವ ತಂಡದ ಪಂದ್ಯಕ್ಕೆ ಇಷ್ಟು ಜನ ಬರುವುದು ಅಪರೂಪ. ಲೀಗಿನಲ್ಲಿ ಒಂದೂ ಪಂದ್ಯ ಆಡದವರ ಹೆಸರು ಊರಿನಲ್ಲಿ ಆಗಲೇ ಹರಡಿತ್ತು ಎಂದಾಯಿತು. ಹರಡಿಸಿದ್ದು ಸೇನೆಯ ಆಟ. 1953ರ ನವೆಂಬರ್‌ನಲ್ಲಿ ಬ್ಯಾರೋ ವಿರುದ್ಧ ಮೊದಲ ತಂಡಕ್ಕೆ ಇಳಿದರು, ಟ್ರೈ ಗಳಿಸಿದರು.

ಮುಂದಿನ ವಸಂತದಲ್ಲಿ ಪ್ರವಾಸ ತಂಡದ ಆಯ್ಕೆ. ಆಯ್ಕೆಗಾರರು ಆರು ಪಂದ್ಯ ಮಾತ್ರ ನೋಡಿ ತೀರ್ಮಾನಿಸಿದರೆಂದು ಭಾವಿಸಲು ಆಧಾರವಿಲ್ಲ. ಉತ್ತರದ ಕ್ಲಬ್ಬುಗಳ ಆಡಳಿತಗಾರರೇ ಕೂಡಿ ತಂಡ ಆರಿಸುತ್ತಿದ್ದ ವ್ಯವಸ್ಥೆ ಅದು. ಬೋಸ್ಟನ್ ಅವರನ್ನು ಕರೆತರಲು ಒಂದಕ್ಕಿಂತ ಹೆಚ್ಚು ಲೀಗ್ ಕ್ಲಬ್ಬುಗಳು ಆಸಕ್ತಿ ತೋರಿದ್ದವು. ಆಯ್ಕೆಗಾರರಿಗೆ ಈ ಹುಡುಗ ಹೊಸಬನಾಗಿರಲಿಲ್ಲ ಎಂಬುದು ನನ್ನ ಊಹೆ. ‘ಎ’ ತಂಡದ ಪಂದ್ಯಕ್ಕೆ ಸೇರಿದ ಜನಸಂಖ್ಯೆ ಈ ಊಹೆಗೆ ಬಲ ಕೊಡುತ್ತದೆ.

ಪ್ರವಾಸದ ಫಲಿತಾಂಶಗಳು ಮಾತ್ರ ಊಹೆಯಲ್ಲ. ಡಿಕ್ಕಿ ವಿಲಿಯಮ್ಸ್ ನಾಯಕತ್ವದ ತಂಡ ಸಿಡ್ನಿಯ ಮೊದಲ ಟೆಸ್ಟನ್ನು 12–37ರಿಂದ ಸೋತಿತು. ಬ್ರಿಸ್ಬೇನ್‌ನ ಎರಡನೇ ಟೆಸ್ಟಿನಲ್ಲಿ ಬೋಸ್ಟನ್ ಅವರಿಗೆ ಅವಕಾಶ ಸಿಕ್ಕಿತು. ಎರಡು ಟ್ರೈ ಗಳಿಸಿದರು. ಲೂಯಿಸ್ ಜೋನ್ಸ್ ಹತ್ತು ಗೋಲು ಒದ್ದ ಆ ಪಂದ್ಯವನ್ನು ಬ್ರಿಟನ್ 38–21ರಿಂದ ಗೆದ್ದಿತು. ಮೂರನೆಯದನ್ನು 16–20ರಿಂದ ಸೋತು ಸರಣಿ ಕೈಬಿಟ್ಟಿತು. ನ್ಯೂಜಿಲೆಂಡಿನ ಮೊದಲ ಟೆಸ್ಟ್ ಆಕ್ಲೆಂಡ್‌ನಲ್ಲಿ; ಬ್ರಿಟನ್ 27–7ರಿಂದ ಗೆದ್ದಿತು, ಬೋಸ್ಟನ್ ಒಬ್ಬರೇ ನಾಲ್ಕು ಟ್ರೈ. ಇಡೀ ಪ್ರವಾಸದಲ್ಲಿ 18 ಪಂದ್ಯಗಳಿಂದ 36 ಟ್ರೈ. ಪ್ರವಾಸಿ ಆಟಗಾರನೊಬ್ಬನ ಅಷ್ಟು ಹೊತ್ತಿನ ದಾಖಲೆ ಅದು. ಅವರಿಗೆ 20 ತುಂಬಿದ್ದು ನ್ಯೂಜಿಲೆಂಡಿನಲ್ಲಿ.

ವಿಗನ್ನಿಗೆ ಮರಳಿದವರ ಆಟ ಮುಂದೆ ಹೇಗೆ ಸಾಗಿತೆಂಬುದಕ್ಕೆ ಎರಡು ಅಂಕಿ ಸಾಕು. 1955ರ ಆಗಸ್ಟ್‌ನಲ್ಲಿ ಡ್ಯೂಸ್‌ಬರಿ ವಿರುದ್ಧ ಒಂದೇ ಪಂದ್ಯದಲ್ಲಿ ಏಳು ಟ್ರೈ. 1968ರಲ್ಲಿ ವಿಗನ್ ಬಿಡುವ ಹೊತ್ತಿಗೆ 488 ಪಂದ್ಯಗಳಿಂದ 478.

6. ಒಂದೇ ಕ್ಲಬ್ಬು, ಎರಡು ಕಾಲ

ಲೀಗ್ ಬಣ್ಣ ನೋಡಲಿಲ್ಲ, ಆಟ ನೋಡಿತು ಎಂಬ ಮಾತು ಉತ್ತರದ ಊರುಗಳಲ್ಲಿ ಹೆಮ್ಮೆಯಿಂದ ಹೇಳುವಂಥದ್ದು. ಅದರಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಇದನ್ನು ಅಳೆಯಲು ರಾಯ್ ಫ್ರಾನ್ಸಿಸ್ ಅವರ ಪ್ರಕರಣ ಸರಿಯಾದ ಅಳತೆಗೋಲು. ಅವರೂ ವೇಲ್ಸ್‌ನ ಕಪ್ಪು ವಿಂಗರ್, ಅವರನ್ನೂ ಹದಿಹರೆಯದಲ್ಲೇ ಕರೆತಂದದ್ದು ವಿಗನ್. 1930ರ ದಶಕದ ಕೊನೆಗೆ ಆಸ್ಟ್ರೇಲಿಯಾದ ಹ್ಯಾರಿ ಸಂಡರ್ಲೆಂಡ್ ಕ್ಲಬ್ಬಿನ ವ್ಯವಸ್ಥಾಪಕರಾಗಿ ಬಂದ ಮೇಲೆ ಫ್ರಾನ್ಸಿಸ್‌ಗೆ ಅಲ್ಲಿ ಜಾಗ ಉಳಿಯಲಿಲ್ಲ. 1939ರಲ್ಲಿ ಬ್ಯಾರೋ ಕ್ಲಬ್ಬಿಗೆ ಮಾರಿದರು. 1946ರ ಆಸ್ಟ್ರೇಲಿಯಾ ಪ್ರವಾಸದ ತಂಡದಲ್ಲೂ ಅವರಿರಲಿಲ್ಲ. ಬಿಳಿಯರಲ್ಲದವರನ್ನು ಹೊರಗಿಡುವ ಆ ದೇಶದ ವಲಸೆ ನೀತಿಗೆ ಮುಜುಗರವಾಗದಿರಲೆಂದು ಅವರನ್ನು ಬಿಟ್ಟರೆಂದು ಆಟದ ಚರಿತ್ರೆಕಾರರು ಅಭಿಪ್ರಾಯಪಟ್ಟಿದ್ದಾರೆ. ಮರುವರ್ಷವೇ ಅವರು ಬ್ರಿಟನ್ ಪರ ನ್ಯೂಜಿಲೆಂಡ್ ವಿರುದ್ಧ ತವರಿನಲ್ಲಿ ಟೆಸ್ಟ್ ಆಡಿದ್ದರಿಂದ ಆಟದ ಮಟ್ಟ ಸಾಲದೆಂಬ ವಾದ ನಿಲ್ಲುವುದಿಲ್ಲ.

ಎಂಟು ವರ್ಷಗಳಲ್ಲಿ ಏನೋ ಬದಲಾಗಿತ್ತು. 1954ರಲ್ಲಿ ಬೋಸ್ಟನ್ ಆಸ್ಟ್ರೇಲಿಯಾಕ್ಕೆ ಹೋದರು. ಹಾಗೆ ಹೋದ ಮೊದಲ ಕಪ್ಪು ಬ್ರಿಟಿಷ್ ಲೀಗ್ ಆಟಗಾರ ಅವರು. ಆದರೆ ಬದಲಾವಣೆಯ ಮಿತಿ ಮೂರೇ ವರ್ಷದಲ್ಲಿ ಬಯಲಾಯಿತು. 1957ರಲ್ಲಿ ಆಸ್ಟ್ರೇಲಿಯಾದಲ್ಲಿ ವಿಶ್ವಕಪ್ ಮುಗಿಸಿದ ಬ್ರಿಟನ್ ಮತ್ತು ಫ್ರಾನ್ಸ್ ತಂಡಗಳು ಹಿಂದಿರುಗುವ ದಾರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪ್ರದರ್ಶನ ಪಂದ್ಯಗಳನ್ನು ಆಡಿದವು. ವರ್ಣಭೇದ ಕಾನೂನುಗಳ ಆ ನೆಲಕ್ಕೆ ಬೋಸ್ಟನ್ ಹೋಗಲಿಲ್ಲ. ಅವರೊಬ್ಬರನ್ನು ಬೇರೆಯಾಗಿ ಊರಿಗೆ ಕಳಿಸಲಾಯಿತು, ಉಳಿದ ತಂಡ ಆಡಿತು. ವಿಶ್ವಕಪ್‌ಗೆ ಬೇಕಾದ ಆಟಗಾರ ಪ್ರದರ್ಶನ ಪಂದ್ಯಕ್ಕೆ ಅಡಚಣೆಯಾದರು. ಪಂದ್ಯಗಳನ್ನೇ ರದ್ದುಮಾಡುವ ದಾರಿ ಲೀಗ್ ಆಡಳಿತಕ್ಕೆ ಇತ್ತು; ಅದನ್ನು ಅದು ಹಿಡಿಯಲಿಲ್ಲ. 1895ರಲ್ಲಿ ಕೂಲಿಯ ನ್ಯಾಯಕ್ಕಾಗಿ ಒಡೆದು ಬಂದ ಆಟ ಆಟಗಾರನಿಗೆ ಸಂಬಳ ಕೊಡಲು ಕಲಿತಿತ್ತು. ಅವನ ಪಕ್ಕ ನಿಲ್ಲುವುದು ಬೇರೆಯೇ ಪಾಠ.

7. ತೀರ್ಮಾನ

ಮೇಲಿನ ವಿವರಗಳಿಂದ ಎರಡು ಮಾತು ಹೊರಡುತ್ತವೆ. ಒಂದು, ಬೋಸ್ಟನ್ ಅವರ ಆರಂಭವನ್ನು ಬರೆಯುವಾಗ ಊರಿನ ಕ್ಲಬ್ಬಿನ ನಿರಾಕರಣೆ ಮತ್ತು ವಿಗನ್ನಿನ ಹಣ ಎಂಬ ಎರಡು ತುದಿಗಳನ್ನಷ್ಟೇ ಹಿಡಿದರೆ ಸಾಲದು. ಎರಡರ ನಡುವೆ ಸೇನೆ ಇದೆ. ನಿರಾಕರಣೆಯಿಂದ ಆಟಗಾರನೊಬ್ಬ ಮೂಲೆಗುಂಪಾಗುವುದೇ ಹೆಚ್ಚು. ಬೋಸ್ಟನ್ ಹಾಗಾಗದೆ ಉಳಿದದ್ದು ಕಾನೂನು ಅವರನ್ನು ಕಾರ್ಡಿಫ್‌ನಿಂದ ಎತ್ತಿ ಲೀಗ್ ಕ್ಲಬ್ಬುಗಳ ಕಣ್ಣೆದುರು ಇಟ್ಟಿದ್ದರಿಂದ. ಕಡ್ಡಾಯ ಸೇವೆ ಸಮಾನತೆಗಾಗಿ ರೂಪಿಸಿದ ವ್ಯವಸ್ಥೆಯಲ್ಲ. ಈ ಒಂದು ಪ್ರಕರಣದಲ್ಲಿ ಮಾತ್ರ ಕ್ರೀಡಾ ಸಂಸ್ಥೆಗಳು ಮಾಡದ ಕೆಲಸವನ್ನು ಅದು ಮಾಡಿತು.

ಇನ್ನೊಂದು, ಗೌರವಗಳು ಬಂದ ಕಾಲದ ಬಗ್ಗೆ. ಕಾರ್ಡಿಫ್ ಕೊಲ್ಲಿಯ ದಂಡೆಯಲ್ಲಿ ಬೋಸ್ಟನ್, ರಿಸ್ಮನ್, ಸಲಿವನ್ ಮೂವರ ಪ್ರತಿಮೆ ಎದ್ದದ್ದು 2023ರಲ್ಲಿ. 2025ರ ಜೂನ್‌ನಲ್ಲಿ, 90ನೇ ವಯಸ್ಸಿನಲ್ಲಿ, ಅವರಿಗೆ ನೈಟ್ ಪದವಿ ಸಂದಿತು. 130 ವರ್ಷಗಳ ರಗ್ಬಿ ಲೀಗ್ ಚರಿತ್ರೆಯಲ್ಲಿ ಆ ಗೌರವ ಪಡೆದ ಮೊದಲಿಗರು ಅವರು. ಯೂನಿಯನ್ ಆಟದ ಹಲವರಿಗೆ ಬಹಳ ಮುಂಚೆಯೇ ಸಂದ ಗೌರವವಿದು. ಇಷ್ಟು ತಡವಾದದ್ದಕ್ಕೆ ಬೋಸ್ಟನ್ ಅವರ ಸಾಧನೆಯಲ್ಲಿ ಕಾರಣ ಹುಡುಕಿದರೆ ಸಿಗದು. ಆಟಕ್ಕೂ ವರ್ಗಕ್ಕೂ ಬಣ್ಣಕ್ಕೂ ಇದ್ದ ನಂಟಿನಲ್ಲಿ ಹುಡುಕಬೇಕು. ‘ಆರೇ ಪಂದ್ಯ’ ಎಂಬ ಅಂಕಿಯನ್ನು ಇನ್ನು ಮುಂದೆ ಬಳಸುವವರು ಸೇನಾ ತಂಡದ ದಾಖಲೆಯನ್ನೂ ಜೊತೆಗೆ ನಮೂದಿಸಬೇಕು. ಇಲ್ಲವಾದರೆ ಆ ಅಂಕಿ ಬೋಸ್ಟನ್ ಅವರನ್ನು ಹೊಗಳುವ ನೆಪದಲ್ಲಿ ಅವರ ವೃತ್ತಿಜೀವನದ ಮೊದಲ ಅಧ್ಯಾಯವನ್ನೇ ಮರೆಮಾಚುತ್ತದೆ.